ಸೊಂಟದ ನೋವು ಕಾಲಿಗಿಳಿದಾಗ

ಬೆಳಗಿನ ಹೊತ್ತು. ಮುಖ ತೊಳೆಯಲೆಂದು ನಲ್ಲಿಯ ಮುಂದೆ ಬಗ್ಗಿದ ಮನೆಯ ಯಜಮಾನರು ಬಗ್ಗಿದಂತೆಯೇ ನಿಂತುಬಿಡುತ್ತಾರೆ. ಸೊಂಟದಲ್ಲಿ ಛಳಕು ಹೊಡೆದಿದೆ. ಮೊದಲೆರಡು ದಿನ ನೋವು ಸೊಂಟದಲ್ಲಿಯೇ ಇರುತ್ತದೆ. ಮೂರನೆಯ ದಿನ ಪೃಷ್ಠಕ್ಕೆ ಇಳಿಯುತ್ತದೆ. ವಾರ ಕಳೆಯುವುದರೊಳಗೆ ತೊಡೆಯ ಹಿಂಬದಿ, ಮೀನಖಂಡ, ಪಾದದ ಅಂಚು ಎಂದು ಕಾದ ತಂತಿಯೊಂದನ್ನು ಎಳೆದಂತೆ ಕೆಳಕ್ಕೆ ಹರಿಯುತ್ತದೆ. ಕೆಮ್ಮಿದರೆ ನೋವು, ಸೀನಿದರೆ ನೋವು. ಬಸ್ಸಿನಲ್ಲಿ ಅರ್ಧ ಗಂಟೆ ಕುಳಿತರೆ ಇಳಿಯುವಾಗ ಕಾಲನ್ನು ನೆಲಕ್ಕೆ ಊರಲಾಗದು.

ಮನೆಯಲ್ಲಿ ಸಲಹೆಗಳಿಗೆ ಬರವಿಲ್ಲ. “ವಾಯು ಹಿಡಿದಿದೆ, ಎಣ್ಣೆ ತಿಕ್ಕಿ ಬಿಸಿನೀರು ಹುಯ್ದರೆ ಸರಿಹೋಗುತ್ತದೆ” ಎನ್ನುತ್ತಾರೆ ಮನೆಯ ಹಿರಿಯರು. “ಹಲಗೆಯ ಮೇಲೆ ಒಂದು ತಿಂಗಳು ಅಲುಗದೆ ಮಲಗಿ” ಎನ್ನುತ್ತಾರೆ ನೆರೆಮನೆಯವರು. “ಆಪರೇಷನ್ ಮಾಡಿಸಿದರೆ ಕಾಲೇ ಬಿದ್ದುಹೋಗುತ್ತದಂತೆ” ಎಂದು ಕಛೇರಿಯ ಮಿತ್ರರೊಬ್ಬರು ಹೆದರಿಸುತ್ತಾರೆ. ದುಡಿಯುವ ಒಂದು ಕೈ ಹಾಸಿಗೆ ಹಿಡಿದರೆ ಸಂಸಾರದ ಗತಿಯೇನು ಎಂಬ ಚಿಂತೆ ಗೃಹಿಣಿಗೆ. ರಜೆ ಮುಗಿಯುತ್ತ ಬಂದಂತೆ ಈ ಚಿಂತೆ ನೋವಿಗಿಂತ ದೊಡ್ಡದಾಗುತ್ತದೆ.

ಇಷ್ಟೆಲ್ಲ ಮಾತುಗಳ ನಡುವೆ ಯಾರೂ ಕೇಳದೆ ಉಳಿಯುವ ಪ್ರಶ್ನೆಯೊಂದಿದೆ: “ಹೇಗೆ ಕುಳಿತಾಗ, ಹೇಗೆ ನಿಂತಾಗ, ಹೇಗೆ ಮಲಗಿದಾಗ ಈ ನೋವು ಕಾಲಿನಿಂದ ಮೇಲಕ್ಕೆ ಸರಿಯುತ್ತದೆ?” ಈ ಸಣ್ಣ ಪ್ರಶ್ನೆಯಲ್ಲಿ ಅನೇಕ ರೋಗಿಗಳ ಪಾಲಿಗೆ ಚಿಕಿತ್ಸೆಯ ಬೀಗದ ಕೈ ಅಡಗಿದೆ. ಅದು ವೈದ್ಯಲೋಕದ ಕೈಗೆ ಸಿಕ್ಕಿದ್ದು 1956ರಲ್ಲಿ, ಒಂದು ಆಕಸ್ಮಿಕದಿಂದ. ಆ ಪ್ರಸಂಗವನ್ನು ತಿಳಿಯುವ ಮೊದಲು ಈ ನೋವಿನ ಮೂಲವೆಲ್ಲಿ ಎಂಬುದನ್ನು ನೋಡುವುದು ಯುಕ್ತ.

ಕಾಲಿನಲ್ಲಿ ನೋವು, ಬೆನ್ನಿನಲ್ಲಿ ಬೇರು

ಈ ಬೇನೆ ಹೊಸದಲ್ಲ. ಆಯುರ್ವೇದದಲ್ಲಿ ಇದಕ್ಕೆ ‘ಗೃಧ್ರಸೀ’ ಎಂದು ಹೆಸರು. ಗೃಧ್ರವೆಂದರೆ ಹದ್ದು; ನೋವುಂಡವನು ಹದ್ದಿನಂತೆ ಕುಂಟುತ್ತ ನಡೆಯುವುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಪೃಷ್ಠದಿಂದ ಹೊರಟು ಸೊಂಟ, ತೊಡೆ, ಮೊಣಕಾಲು, ಮೀನಖಂಡ, ಪಾದಗಳಿಗೆ ಕ್ರಮವಾಗಿ ಹಬ್ಬುವ ನೋವನ್ನು ಚರಕಸಂಹಿತೆ ವರ್ಣಿಸುತ್ತದೆ. ಕಾಲನ್ನು ಮೇಲೆತ್ತಲು ಆಗದಿರುವುದನ್ನು ಸುಶ್ರುತಸಂಹಿತೆ ಗುರುತಿಸುತ್ತದೆ. ಇಂದಿಗೂ ಡಾಕ್ಟರರು ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದಂತೆ ಕಾಲನ್ನು ಮೆಲ್ಲನೆ ಮೇಲೆತ್ತಿಯೇ ಈ ರೋಗವನ್ನು ಪರೀಕ್ಷಿಸುತ್ತಾರೆ.

ಪಶ್ಚಿಮದಲ್ಲಿ ಇದಕ್ಕೆ ‘ಸಯಾಟಿಕಾ’ ಎಂದು ಹೆಸರು. ಈ ನೋವು ಕೀಲಿನದಲ್ಲ, ನರದ್ದು ಎಂದು ಸ್ಪಷ್ಟವಾಗಿ ಬರೆದವನು ಇಟಲಿಯ ನೇಪಲ್ಸ್ ನಗರದ ವೈದ್ಯ ಡೊಮೆನಿಕೊ ಕೊಟುನ್ಯೊ. ಅವನ ಗ್ರಂಥ ಹೊರಬಂದುದು 1764ರಲ್ಲಿ. ಆದರೆ ನರವನ್ನು ಕಾಡುವುದು ಏನು ಎಂಬುದು ಬೆಳಕಿಗೆ ಬರಲು ಇನ್ನೂ 170 ವರ್ಷಗಳು ಹಿಡಿದವು. ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು 1934ರಲ್ಲಿ ಪ್ರಕಟಿಸಿದ ಲೇಖನವೊಂದು, ಬೆನ್ನೆಲುಬಿನ ನಡುವಣ ಮೆತ್ತೆ ಜಾರಿ ನರದ ಬೇರನ್ನು ಒತ್ತುವುದೇ ಇಂಥ ನೋವಿಗೆ ಕಾರಣವಾಗಬಲ್ಲದೆಂದು ತೋರಿಸಿಕೊಟ್ಟಿತು.

ಈ ಮೆತ್ತೆ ಎಂದರೇನು? ಬೆನ್ನೆಲುಬು ಒಂದೇ ಮೂಳೆಯಲ್ಲ. ಒಂದರ ಮೇಲೊಂದು ಜೋಡಿಸಿದ ಮಣಿಗಳ ಸಾಲು. ಸೊಂಟದ ಭಾಗದಲ್ಲಿ ಅಂಥ ಮಣಿಗಳು 5. ಎರಡು ಮಣಿಗಳ ನಡುವೆ ಒಂದೊಂದು ಮೆತ್ತೆಯಿದೆ. ಡಾಕ್ಟರರು ಇದನ್ನೇ ‘ಡಿಸ್ಕ್’ ಎನ್ನುವುದು. ಹೋಳಿಗೆಯ ಹೂರಣದ ಉಂಡೆಯನ್ನು ಕಣಕದಲ್ಲಿ ಮುಚ್ಚಿದಂತೆ, ಈ ಮೆತ್ತೆಯ ಒಳಗೆ ಮೆದುವಾದ ತಿರುಳು, ಹೊರಗೆ ಬಿಗಿಯಾದ ನಾರಿನ ಕವಚ. ಉಂಡೆಯ ಒಂದು ಅಂಚನ್ನು ಅದುಮಿದರೆ ಹೂರಣ ಇನ್ನೊಂದು ಅಂಚಿಗೆ ಸರಿಯುತ್ತದೆ. ಕಣಕ ತೆಳುವಾಗಿದ್ದ ಕಡೆ ಉಬ್ಬುತ್ತದೆ. ಹರಿದಿದ್ದರೆ ಹೊರಕ್ಕೆ ಬರುತ್ತದೆ. ಮನುಷ್ಯನು ಮುಂದಕ್ಕೆ ಬಗ್ಗಿದಾಗ ಮೆತ್ತೆಯ ಮುಂಭಾಗ ಅದುಮಿಕೊಂಡು, ತಿರುಳಿನ ಒತ್ತಡ ಹಿಂಭಾಗಕ್ಕೆ ತಿರುಗುತ್ತದೆ. ಆ ಹಿಂಭಾಗದಲ್ಲಿಯೇ ನರಗಳ ಬೇರುಗಳು ಹೊರಡುವುದು.

ಸೊಂಟದ ಕೆಳಗಿನ ಎರಡು ಮೆತ್ತೆಗಳೇ ಹೆಚ್ಚಾಗಿ ಈ ಉಪದ್ರವಕ್ಕೆ ಗುರಿಯಾಗುವುವು. ಅಲ್ಲಿಂದ ಹೊರಡುವ ಬೇರುಗಳು ಕೂಡಿ, ದೇಹದಲ್ಲಿಯೇ ಅತ್ಯಂತ ದಪ್ಪನಾದ ನರವಾಗಿ ಪೃಷ್ಠದ ಮೂಲಕ ಕಾಲಿಗೆ ಇಳಿಯುತ್ತವೆ. ಒಂದು ಬೇರು ನೊಂದರೆ ಹೆಬ್ಬೆರಳಿನ ಕಡೆ ಜೋಮು. ಇನ್ನೊಂದು ನೊಂದರೆ ಕಿರುಬೆರಳು ಮತ್ತು ಪಾದದ ಹೊರ ಅಂಚಿನಲ್ಲಿ ಜೋಮು. ಆದುದರಿಂದ ಕಾಲಿಗೆ ಎಷ್ಟು ಎಣ್ಣೆ ತಿಕ್ಕಿದರೂ ಬೆನ್ನಿನಲ್ಲಿರುವ ಬೇರಿಗೆ ಅದು ತಾಕದು. ಬೀದಿಯ ಕಂಬದಲ್ಲಿ ತಂತಿ ಸಡಿಲವಾಗಿದ್ದರೆ ಮನೆಯ ದೀಪ ಮಿಣುಕುತ್ತದೆ. ಅದಕ್ಕಾಗಿ ದೀಪವನ್ನು ಒರೆಸಿ ಫಲವೇನು?

ವೆಲಿಂಗ್ಟನ್ನಿನ ಮೇಜು

ಇನ್ನು ಆ ಆಕಸ್ಮಿಕದ ಕಥೆ. ನ್ಯೂಜಿಲೆಂಡ್ ದೇಶದ ರಾಜಧಾನಿ ವೆಲಿಂಗ್ಟನ್. ಅಲ್ಲಿ ರಾಬಿನ್ ಮೆಕೆಂಜಿ ಎಂಬ ತರುಣ, ಭೌತಚಿಕಿತ್ಸೆ ಅಂದರೆ ಫಿಸಿಯೋತೆರಪಿಯನ್ನು ಕಲಿತು, 1953ರಲ್ಲಿ ಸ್ವಂತ ಚಿಕಿತ್ಸಾಲಯ ತೆರೆದಿದ್ದರು. 1956ರಲ್ಲಿ ಅವರಲ್ಲಿಗೆ ಬರುತ್ತಿದ್ದ ರೋಗಿಯೊಬ್ಬರಿಗೆ ಬಲಗಡೆಯ ಸೊಂಟದಿಂದ ಮೊಣಕಾಲಿನವರೆಗೆ ನೋವು. ಮುಂದಕ್ಕೆ ಬಗ್ಗಬಲ್ಲರು, ಹಿಂದಕ್ಕೆ ಬಾಗಲಾರರು. ಮೂರು ವಾರಗಳ ಕಾಲ ಶಾಖ ಮೊದಲಾದ ಉಪಚಾರಗಳು ನಡೆದಿದ್ದರೂ ಗುಣ ಕಂಡಿರಲಿಲ್ಲ.

ಒಂದು ದಿನ ಮೆಕೆಂಜಿ ಆ ರೋಗಿಗೆ, ಒಳಗಿನ ಕೋಣೆಗೆ ಹೋಗಿ ಮೇಜಿನ ಮೇಲೆ ಬೋರಲಾಗಿ ಮಲಗಿರುವಂತೆ ಹೇಳಿದರು. ಹಿಂದಿನ ರೋಗಿಗಾಗಿ ಆ ಮೇಜಿನ ಒಂದು ಕೊನೆಯನ್ನು ಮೇಲೆತ್ತಲಾಗಿತ್ತು. ಅದನ್ನು ಇಳಿಸುವುದು ಯಾರಿಗೂ ನೆನಪಾಗಲಿಲ್ಲ. ಬಂದವರು ಮೇಜು ಇರುವುದೇ ಹೀಗೆಂದು ಭಾವಿಸಿ, ಎದೆಯನ್ನು ಎತ್ತರದ ಕಡೆಗೂ ಕಾಲುಗಳನ್ನು ತಗ್ಗಿನ ಕಡೆಗೂ ಮಾಡಿ ಬೋರಲಾಗಿ ಮಲಗಿದರು. ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿತು.

ಐದು ನಿಮಿಷಗಳಾದ ಮೇಲೆ ಒಳಬಂದ ಮೆಕೆಂಜಿಯವರ ಎದೆ ಹಾರಿತು. ನರದ ನೋವುಳ್ಳವರು ಬೆನ್ನನ್ನು ಹಾಗೆ ಹಿಂದಕ್ಕೆ ಬಾಗಿಸುವುದು ಅಪಾಯವೆಂಬುದು ಆ ಕಾಲದ ನಂಬಿಕೆ. ಅಂಜುತ್ತ ಹೇಗಿದ್ದೀರೆಂದು ವಿಚಾರಿಸಿದಾಗ ರೋಗಿಯ ಉತ್ತರ ಅವರನ್ನು ಬೆರಗುಗೊಳಿಸಿತು. ಮೂರು ವಾರಗಳಲ್ಲಿ ಎಂದೂ ಇಲ್ಲದಷ್ಟು ನೆಮ್ಮದಿ. ಕಾಲಿನ ನೋವು ಮಾಯವಾಗಿದೆ. ಬಲಗಡೆಯಿದ್ದ ಸೊಂಟದ ನೋವು ನಡುಬೆನ್ನಿಗೆ ಸರಿದಿದೆ! ಎದ್ದು ನಿಂತರು; ಕಾಲಿನ ನೋವು ಮರಳಲಿಲ್ಲ. ಮರುದಿನ ಅದೇ ಭಂಗಿಯಲ್ಲಿ ಮಲಗಿಸಿದಾಗ ನಡುಬೆನ್ನಿನಲ್ಲಿ ಉಳಿದಿದ್ದ ನೋವೂ ಹೋಯಿತು.

ಬೇರೊಬ್ಬರಾಗಿದ್ದರೆ ಮೇಜಿನ ತಪ್ಪನ್ನು ಮುಚ್ಚಿಟ್ಟು, ರೋಗಿಯ ಅದೃಷ್ಟವೆಂದು ಸುಮ್ಮನಾಗುತ್ತಿದ್ದರೇನೋ! ಮೆಕೆಂಜಿ ಹಾಗೆ ಮಾಡಲಿಲ್ಲ. ಮುಂದೆ ಬಂದ ರೋಗಿಗಳನ್ನೆಲ್ಲ ಒಂದೊಂದು ಭಂಗಿಯಲ್ಲಿರಿಸಿ, ಒಂದೊಂದು ಕಡೆಗೆ ಬಾಗಿಸಿ, ನೋವು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕೇಳುತ್ತ ಬಂದರು. ಇಪ್ಪತ್ತೈದು ವರ್ಷಗಳ ಈ ಪರಿಶ್ರಮದ ಫಲವನ್ನು 1981ರಲ್ಲಿ ಗ್ರಂಥರೂಪದಲ್ಲಿ ವೈದ್ಯರ ಮುಂದಿಟ್ಟರು. ಅವರು ತೀರಿಕೊಂಡ 2013ರ ಹೊತ್ತಿಗೆ ಅವರ ಪದ್ಧತಿ ಅನೇಕ ದೇಶಗಳನ್ನು ಮುಟ್ಟಿತ್ತು.

ನೋವೇ ದಾರಿ ತೋರಿಸುತ್ತದೆ

ಈ ಪದ್ಧತಿಯ ತಿರುಳು ಬಹು ಸರಳ. ನೋವು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಒಂದು ಭಂಗಿಯಲ್ಲಿ ನೋವು ಪಾದದಿಂದ ಮೀನಖಂಡಕ್ಕೆ, ಮೀನಖಂಡದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಿಮ್ಮೆಟ್ಟಿದರೆ ಆ ಭಂಗಿ ಹಿತ. ಸೊಂಟದಲ್ಲಿ ಸ್ವಲ್ಪ ಕಾಲ ನೋವು ಹೆಚ್ಚಿದಂತೆ ಕಂಡರೂ ಗಾಬರಿ ಬೇಡ. ಕಾಲು ಬಿಟ್ಟು ಹೋಗುತ್ತಿರುವುದೇ ಶುಭಸೂಚನೆ. ಇದಕ್ಕೆ ವಿರೋಧವಾಗಿ, ಸೊಂಟ ಹಗುರವಾಗಿ ನೋವು ಕಾಲಿನಲ್ಲಿ ಮತ್ತಷ್ಟು ಕೆಳಗಿಳಿದರೆ ಆ ಭಂಗಿ ಅಹಿತ. ಅದನ್ನು ಆ ಕ್ಷಣವೇ ಬಿಡಬೇಕು.

ಹಾಗಾದರೆ ಎಲ್ಲರೂ ಬೆನ್ನನ್ನು ಹಿಂದಕ್ಕೆ ಬಾಗಿಸಬೇಕೆ? ಇಲ್ಲಿಯೇ ಎಚ್ಚರ ಬೇಕಾದದ್ದು. ಮೆಕೆಂಜಿಗಿಂತ ಮೊದಲು, 1937ರಲ್ಲಿ, ಅಮೆರಿಕದ ಪಾಲ್ ವಿಲಿಯಮ್ಸ್ ಎಂಬ ವೈದ್ಯರು ಇದಕ್ಕೆ ತದ್ವಿರುದ್ಧವಾದ ವ್ಯಾಯಾಮಗಳನ್ನು ಪ್ರಚಾರಕ್ಕೆ ತಂದಿದ್ದರು. ಮೊಣಕಾಲುಗಳನ್ನು ಎದೆಗೆ ತಂದು ಬೆನ್ನನ್ನು ಮುಂದಕ್ಕೆ ಬಾಗಿಸುವುದು ಅವರ ಮಾರ್ಗ. ಬಹುಕಾಲ ಈ ಎರಡು ಪಂಗಡಗಳ ನಡುವೆ ವಾದ ನಡೆಯಿತು. ಎರಡಕ್ಕೂ ತಕ್ಕ ರೋಗಿಗಳಿದ್ದಾರೆ. ವಯಸ್ಸಾದವರಲ್ಲಿ ನರಗಳು ಸಾಗುವ ಎಲುಬಿನ ದಾರಿಯೇ ಕಿರಿದಾಗಿರುವುದುಂಟು. ಅಂಥವರಿಗೆ ನಿಂತರೆ, ನಡೆದರೆ, ಹಿಂದಕ್ಕೆ ಬಾಗಿದರೆ ಕಾಲು ಸೆಳೆಯುತ್ತದೆ. ಕುಳಿತು ಮುಂದಕ್ಕೆ ಬಾಗಿದರೆ ಹಾಯೆನಿಸುತ್ತದೆ. ಕೆಲವರಿಗೆ ಹಿಂದಕ್ಕೂ ಅಲ್ಲ, ಮುಂದಕ್ಕೂ ಅಲ್ಲ, ಪಕ್ಕಕ್ಕೆ ಸೊಂಟವನ್ನು ಸರಿಸಿದರೆ ಗುಣ.

2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಈ ಮಾತಿಗೆ ಬಲ ಕೊಟ್ಟಿತು. 312 ರೋಗಿಗಳನ್ನು ನೋಡಿದಾಗ 230 ಮಂದಿಗೆ ಹೀಗೆ ಹಿತವಾದ ಒಂದು ದಿಕ್ಕು ಇರುವುದು ಕಂಡುಬಂತು. ಅವರಲ್ಲಿ ಕೆಲವರಿಗೆ ಹಿತವಾದ ದಿಕ್ಕಿನ ವ್ಯಾಯಾಮ, ಕೆಲವರಿಗೆ ವಿರುದ್ಧ ದಿಕ್ಕಿನದು, ಉಳಿದವರಿಗೆ ಸಾಧಾರಣ ವ್ಯಾಯಾಮ ಕೊಡಲಾಯಿತು. ಎರಡು ವಾರಗಳಲ್ಲಿ ಮೊದಲಿನ ಗುಂಪಿನವರು ಮಿಕ್ಕವರಿಗಿಂತ ಸ್ಪಷ್ಟವಾಗಿ ಮೇಲಾಗಿದ್ದರು. ಪಕ್ಕದ ಮನೆಯವರಿಗೆ ಗುಣ ಕೊಟ್ಟ ವ್ಯಾಯಾಮ ತನಗೂ ಗುಣ ಕೊಟ್ಟೀತೆಂದು ಕಣ್ಣು ಮುಚ್ಚಿ ಅನುಸರಿಸಬಾರದೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಆದರೂ ಒಂದು ಮಾತನ್ನು ಮರೆಯಬಾರದು. ಹೂರಣ ಮುಂದೆ ಹಿಂದೆ ಸರಿಯುವುದರಿಂದಲೇ ನೋವು ಹೀಗೆ ಜಾಗ ಬದಲಿಸುತ್ತದೆ ಎಂಬ ವಿವರಣೆ ಅರ್ಥಮಾಡಿಕೊಳ್ಳಲು ಅನುಕೂಲವಾದ ಚಿತ್ರ. ಅದು ಎಲ್ಲ ರೋಗಿಗಳಲ್ಲಿಯೂ ಸಿದ್ಧವಾದ ಸತ್ಯವಲ್ಲ. ಭಂಗಿಯ ಚಿಕಿತ್ಸೆ ಸರ್ವರೋಗಹರವೂ ಅಲ್ಲ. ಅನೇಕರಿಗೆ ಅದರಿಂದ ಬೇಗ ಉಪಶಮನ ದೊರೆಯುತ್ತದೆ. ಕೆಲವರಿಗೆ ಯಾವ ಭಂಗಿಯೂ ನೋವನ್ನು ಮೇಲಕ್ಕೆ ಸರಿಸದು. ಅಂಥವರಿಗೆ ಬೇರೆ ಮಾರ್ಗ ಬೇಕು.

ಕುಳಿತುಕೊಳ್ಳುವ ಬಗೆ

“ನೆಟ್ಟಗೆ ಕುಳಿತುಕೋ” ಎಂದು ಮಕ್ಕಳನ್ನು ಗದರಿಸುವುದು ಪ್ರತಿ ಮನೆಯಲ್ಲಿಯೂ ಕೇಳಿಬರುವ ಮಾತು. ನೆಟ್ಟಗೆ ಕುಳಿತವರಿಗೆ ಬೆನ್ನುನೋವೇ ಬಾರದೆಂದಾಗಲಿ, ಗೂನಾಗಿ ಕುಳಿತವರಿಗೆಲ್ಲ ಬಂದೇ ಬರುವುದೆಂದಾಗಲಿ ಹೇಳಲು ಆಧಾರವಿಲ್ಲ. ಸಿಪಾಯಿಯಂತೆ ಬಿಗಿದುಕೊಂಡು ಗಂಟೆಗಟ್ಟಲೆ ಕುಳಿತರೆ ಅದೂ ಬೆನ್ನಿಗೆ ಶಿಕ್ಷೆಯೇ. ಆದರೆ ನರದ ನೋವು ಬಂದವರ ಮಾತು ಬೇರೆ. ಕುಳಿತಾಗ ನೋವು ಕಾಲಿಗಿಳಿದು, ಎದ್ದು ನಾಲ್ಕು ಹೆಜ್ಜೆ ನಡೆದಾಗ ಕಡಿಮೆಯಾಗುವುದಾದರೆ, ಅಂಥವರ ಪಾಲಿಗೆ ಕುಳಿತುಕೊಳ್ಳುವ ಬಗೆಯನ್ನು ತಿದ್ದುವುದೇ ಮೊದಲನೆಯ ಔಷಧ.

ಮೆತ್ತೆಯ ಮೇಲೆ ಬೀಳುವ ಭಾರವನ್ನು ಅಳೆದು ನೋಡಿದವರಿದ್ದಾರೆ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಮೆತ್ತೆಯೊಳಗೆ ಸೂಜಿಯಿಳಿಸಿ ಒತ್ತಡವನ್ನು ಅಳೆದರು. ನಿಂತಾಗಿಗಿಂತ ಕುಳಿತಾಗ ಒತ್ತಡ ಹೆಚ್ಚೆಂದು ಕಂಡರು. 1999ರಲ್ಲಿ ಜರ್ಮನಿಯ ಸಂಶೋಧಕರು ಇದೇ ಪ್ರಯೋಗವನ್ನು ಹೊಸ ಉಪಕರಣದಿಂದ ಒಬ್ಬ ಸ್ವಯಂಸೇವಕರ ಮೇಲೆ ನಡೆಸಿದಾಗ, ಸಡಿಲವಾಗಿ ಕುಳಿತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚೇನೂ ಇರಲಿಲ್ಲ. ಆದರೆ ನಿಂತು ಮುಂದಕ್ಕೆ ಬಗ್ಗಿದೊಡನೆ ಅದು ಎರಡರಷ್ಟಕ್ಕೆ ಮೀರಿತು. ಬೆನ್ನನ್ನು ಗೂನು ಮಾಡಿ 20 ಕಿಲೋಗ್ರಾಂ ಭಾರವನ್ನೆತ್ತಿದಾಗ ನಾಲ್ಕರಷ್ಟಕ್ಕೂ ಹೆಚ್ಚಿತು. ಅದೇ ಭಾರವನ್ನು ಮೊಣಕಾಲು ಮಡಿಸಿ ಮೈಗೆ ಹತ್ತಿರವಾಗಿ ಹಿಡಿದು ಎತ್ತಿದಾಗ ಎಷ್ಟೋ ಇಳಿಯಿತು. ಕುಳಿತುಕೊಳ್ಳುವುದೇ ಶತ್ರುವಲ್ಲ, ಬಗ್ಗಿ ಭಾರವೆತ್ತುವುದು ಮತ್ತು ಒಂದೇ ಭಂಗಿಯಲ್ಲಿ ಬಹಳ ಹೊತ್ತು ಉಳಿಯುವುದು ನೊಂದ ನರಕ್ಕೆ ಒಗ್ಗವು.

ಇದನ್ನು ಮನೆಯೊಳಗಿನ ದಿನಚರಿಗೆ ಅಳವಡಿಸಿ ನೋಡಬಹುದು. ರಾತ್ರಿ ಮಲಗಿದಾಗ ಮೆತ್ತೆಗಳು ನೀರನ್ನು ಹೀರಿಕೊಂಡು ಉಬ್ಬುತ್ತವೆ. ಬೆಳಗ್ಗೆ ಎದ್ದಾಗ ಮನುಷ್ಯನು ಸಂಜೆಗಿಂತ ಸುಮಾರು 1ರಿಂದ 2 ಸೆಂಟಿಮೀಟರ್ ಎತ್ತರವಾಗಿರುವುದು ಇದರಿಂದಲೇ. ಉಬ್ಬಿದ ಮೆತ್ತೆಗೆ ಬೆಳಗಿನ ಹೊತ್ತು ಬಗ್ಗುವುದು ಹೆಚ್ಚು ತ್ರಾಸ. ಆದರೆ ನಮ್ಮ ಮನೆಗಳಲ್ಲಿ ಬಗ್ಗುವ ಕೆಲಸಗಳೆಲ್ಲ ಇರುವುದು ಬೆಳಗ್ಗೆಯೇ! ಅಂಗಳ ಗುಡಿಸಿ ನೀರು ಚಿಮುಕಿಸಿ ರಂಗವಲ್ಲಿ ಇಡುವುದು, ಹಾಸಿಗೆ ಸುತ್ತುವುದು, ತುಂಬಿದ ಬಕೆಟ್ಟನ್ನು ಎತ್ತುವುದು—ಇವೆಲ್ಲ ನೋವಿರುವಷ್ಟು ದಿನ ಮನೆಯ ಬೇರೊಬ್ಬರ ಪಾಲಿಗೆ ಬರಲಿ. ಅವುಗಳಲ್ಲಿ ಯಾವುದನ್ನೂ ಬಿಡಲಾಗದಿದ್ದರೆ ಎದ್ದ ಒಂದೆರಡು ಗಂಟೆಗಳ ಮೇಲೆ ಮಾಡಿದರೂ ಆದೀತು. ಮುಖ ತೊಳೆಯುವಾಗ ಒಂದು ಕೈಯನ್ನು ಗೋಡೆಗೆ ಊರಿ, ಮೊಣಕಾಲುಗಳನ್ನು ಸ್ವಲ್ಪ ಮಡಿಸಿ ಬಗ್ಗುವುದು ಲೇಸು.

ಕುರ್ಚಿಯಲ್ಲಿ ಕುಳಿತು ಕಂಪ್ಯೂಟರಿನ ಮುಂದೆ ದುಡಿಯುವವರು ಒಂದು ಟವೆಲನ್ನು ಸುರುಳಿ ಸುತ್ತಿ, ನಡುಕಟ್ಟಿನ ಮಟ್ಟಕ್ಕೆ, ಸೊಂಟದ ತಗ್ಗಿನಲ್ಲಿ ಇರಿಸಿಕೊಂಡರೆ ಬೆನ್ನಿನ ಸಹಜವಾದ ಒಳಬಾಗು ಉಳಿಯುತ್ತದೆ. ಪೃಷ್ಠ ಕುರ್ಚಿಯ ಹಿಂಬದಿಗೆ ತಾಕಿರಬೇಕು. ಪಾದಗಳು ನೆಲಕ್ಕೆ ಊರಿರಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಅಂಗೈಗಳನ್ನು ಸೊಂಟದ ಮೇಲಿರಿಸಿ ಐದಾರು ಬಾರಿ ಹಿಂದಕ್ಕೆ ಬಾಗಬೇಕು. ಮೆತ್ತನೆಯ ಸೋಫಾದಲ್ಲಿ ಹೂತುಕೊಂಡು ಮೊಬೈಲ್ ಫೋನನ್ನು ನೋಡುತ್ತ ಕಳೆಯುವ ಸಂಜೆ, ದಿನವಿಡೀ ಗಳಿಸಿದ ಗುಣವನ್ನು ಕಳೆದುಬಿಡಬಲ್ಲದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಾಗ ಬೆನ್ನು ಗೂನಾಗುವುದಾದರೆ, ಪೃಷ್ಠದ ಕೆಳಗೆ ದಪ್ಪನೆಯ ಮಣೆಯನ್ನಿಟ್ಟುಕೊಳ್ಳಬಹುದು. ನೋವು ಕಾಲಿಗಿಳಿಯುತ್ತಿದ್ದರೆ ಕೆಲವು ವಾರ ಊಟಕ್ಕೂ ಕುರ್ಚಿಯೇ ಇರಲಿ.

ಅಭ್ಯಾಸದ ಕ್ರಮ

ಮೊದಲು ಡಾಕ್ಟರರಿಂದ ಪರೀಕ್ಷೆ ಮಾಡಿಸಿಕೊಂಡು, ಆಮೇಲೆ ತಿಳಿದ ಫಿಸಿಯೋತೆರಪಿಸ್ಟರ ಎದುರಿನಲ್ಲಿ ಇವನ್ನು ಆರಂಭಿಸುವುದು ಕ್ಷೇಮ. ಹಿಂದಕ್ಕೆ ಬಾಗುವುದು ಹಿತವೆಂದು ಕಂಡುಬಂದವರಿಗೆ ಮಾತ್ರ ಈ ಕ್ರಮ.

ಒಂದು: ಜಮಖಾನದ ಮೇಲೆ ಬೋರಲಾಗಿ ಮಲಗಿ, ಕೈಗಳನ್ನು ಪಕ್ಕಕ್ಕಿಟ್ಟು, ಮುಖವನ್ನು ಒಂದು ಕಡೆ ಹೊರಳಿಸಿ, ಸೊಂಟವನ್ನು ಸಡಿಲ ಬಿಟ್ಟು ನಾಲ್ಕೈದು ನಿಮಿಷ ಇರುವುದು. ಕೆಲವರಿಗೆ ಇಷ್ಟರಿಂದಲೇ ಕಾಲಿನ ಸೆಳೆತ ತಗ್ಗುವುದುಂಟು.

ಎರಡು: ಅದೇ ಸ್ಥಿತಿಯಲ್ಲಿ ಮೊಣಕೈಗಳನ್ನು ಊರಿ ಎದೆಯನ್ನು ಮೇಲೆತ್ತಿ, ಮಕ್ಕಳು ನೆಲದ ಮೇಲೆ ಮಲಗಿ ಚಿತ್ರಪುಸ್ತಕ ನೋಡುವಂತೆ, ಮತ್ತೆರಡು ಮೂರು ನಿಮಿಷ ಇರುವುದು.

ಮೂರು: ಅಂಗೈಗಳನ್ನು ಭುಜದ ಕೆಳಗೆ ಊರಿ, ತೋಳುಗಳ ಬಲದಿಂದಲೇ ಎದೆಯನ್ನು ಮೇಲೆತ್ತಿ ಇಳಿಸುವುದು, ಹೀಗೆ ಹತ್ತು ಬಾರಿ. ಇದು ಭುಜಂಗಾಸನವಲ್ಲವೆ ಎಂದು ವಾಚಕರು ಕೇಳಬಹುದು. ನೋಡಲು ಹಾಗೆಯೇ ಇದೆ. ಆದರೆ ಇಲ್ಲಿ ಬೆನ್ನಿನ ಸ್ನಾಯುಗಳಿಗೆ ಕೆಲಸವಿಲ್ಲ. ಎತ್ತುವುದು ತೋಳುಗಳು, ಸೊಂಟ ಜೋಲು ಬಿದ್ದಿರಬೇಕು. ಮೇಲೆತ್ತಿದ ಸ್ಥಿತಿಯಲ್ಲಿ ಬಹಳ ಹೊತ್ತು ನಿಲ್ಲಿಸುವುದೂ ಇಲ್ಲ.

ನಾಲ್ಕು: ಕುಳಿತುಕೊಳ್ಳುವ ಅಭ್ಯಾಸ. ಸ್ಟೂಲಿನ ಮೇಲೆ ಕುಳಿತು, ಮೊದಲು ಬೆನ್ನನ್ನು ಪೂರ್ತಿ ಗೂನು ಮಾಡಿ, ಅನಂತರ ಸೊಂಟವನ್ನು ಸಾಧ್ಯವಾದಷ್ಟು ಒಳಬಾಗಿಸಿ ಎದೆಯೆತ್ತುವುದು. ಹತ್ತು ಹದಿನೈದು ಬಾರಿ ಹೀಗೆ ಮಾಡಿ, ಕೊನೆಗೆ ಆ ಪೂರ್ಣ ಬಾಗಿನಿಂದ ಸ್ವಲ್ಪವೇ ಸಡಿಲಿಸಿದಾಗ ಬರುವ ನಿಲುವೇ ಕುಳಿತುಕೊಳ್ಳಲು ತಕ್ಕ ನಿಲುವು. ಇದನ್ನು ಬಾಯಿಮಾತಿನಿಂದ ಕಲಿಸುವುದು ಕಷ್ಟ. ಮೈ ತಾನೇ ಕಲಿಯಬೇಕು.

ಎಲ್ಲದಕ್ಕೂ ಒಂದೇ ನಿಯಮ: ನೋವು ಕಾಲಿನಲ್ಲಿ ಕೆಳಗಿಳಿದರೆ ನಿಲ್ಲಿಸಬೇಕು, ಮೇಲಕ್ಕೆ ಸರಿದರೆ ಮುಂದುವರಿಸಬಹುದು. ಯೋಗಾಭ್ಯಾಸ ಮಾಡುವವರು ಪಶ್ಚಿಮೋತ್ತಾನಾಸನದಂಥ ಮುಂದಕ್ಕೆ ಬಗ್ಗುವ ಆಸನಗಳನ್ನು, ಅವುಗಳಿಂದ ಕಾಲು ಸೆಳೆಯುವುದಾದರೆ, ನೋವು ಹೋಗುವವರೆಗೆ ಬಿಡುವುದು ಉಚಿತ.

ಹಾಸಿಗೆಯೇ ಮದ್ದೆ?

ಇನ್ನು ನೆರೆಮನೆಯವರ ಹಲಗೆಯ ಮಾತು. 1999ರಲ್ಲಿ ಹಾಲೆಂಡಿನ ವೈದ್ಯರು ಸಯಾಟಿಕಾ ಇದ್ದ 183 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಎರಡು ವಾರ ಹಾಸಿಗೆಯ ವಿಶ್ರಾಂತಿಯನ್ನೂ, ಇನ್ನೊಂದು ಪಾಲಿನವರಿಗೆ ಆದಷ್ಟು ಓಡಾಡಿಕೊಂಡಿರುವಂತೆಯೂ ವಿಧಿಸಿದರು. 12 ವಾರಗಳ ಕೊನೆಗೆ ಎರಡು ಪಾಲಿನಲ್ಲಿಯೂ ನೂರಕ್ಕೆ 87 ಮಂದಿ ಗುಣ ಕಂಡಿದ್ದರು. ಮಲಗಿದವರಿಗೆ ಮಲಗಿದ್ದರಿಂದ ಹೆಚ್ಚಿನ ಲಾಭವೇನೂ ಆಗಿರಲಿಲ್ಲ. ನೋವು ತಡೆಯಲಾರದ ಒಂದೆರಡು ದಿನ ಮಲಗುವುದು ಬೇರೆ; ತಿಂಗಳುಗಟ್ಟಲೆ ಹಲಗೆ ಹಿಡಿಯುವುದು ಬೇರೆ. ಎರಡನೆಯದರಿಂದ ಸ್ನಾಯುಗಳು ಸೊರಗಿ, ಮನಸ್ಸೂ ಸೊರಗುತ್ತದೆ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶನ ಸಂಸ್ಥೆ 2016ರಲ್ಲಿ ಹೊರಡಿಸಿದ ಸೂಚನೆಯೂ ಎಂದಿನ ಚಟುವಟಿಕೆಗಳನ್ನು ಮುಂದುವರಿಸಿ, ವ್ಯಾಯಾಮ ಮಾಡಿ ಎನ್ನುತ್ತದೆ. ಸೊಂಟಕ್ಕೆ ಕಟ್ಟುವ ಪಟ್ಟಿಯನ್ನಾಗಲಿ, ತೂಕ ಕಟ್ಟಿ ಎಳೆಯುವುದನ್ನಾಗಲಿ ಅದು ಸಮ್ಮತಿಸುವುದಿಲ್ಲ.

ಶಸ್ತ್ರಕ್ರಿಯೆಯ ವಿಷಯದಲ್ಲಿಯೂ ಭಯ ಮತ್ತು ಅವಸರ ಎರಡೂ ಸಲ್ಲವು. 2007ರಲ್ಲಿ ಹಾಲೆಂಡಿನಲ್ಲಿಯೇ, ಆರರಿಂದ ಹನ್ನೆರಡು ವಾರಗಳಿಂದ ತೀವ್ರವಾದ ನೋವನ್ನು ಅನುಭವಿಸುತ್ತಿದ್ದ 283 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ ಹೀಗಿದೆ: ಬೇಗ ಶಸ್ತ್ರಕ್ರಿಯೆ ಮಾಡಿಸಿಕೊಂಡವರಿಗೆ ನೋವು ಬೇಗ ಶಮನವಾಯಿತು. ಕಾದು ನೋಡಿದ ಗುಂಪಿನಲ್ಲಿಯೂ ನೂರಕ್ಕೆ 39 ಮಂದಿ ಕೊನೆಗೆ ಶಸ್ತ್ರಕ್ರಿಯೆಗೆ ಒಳಗಾದರು. ಉಳಿದವರಿಗೆ ಅದರ ಅಗತ್ಯವೇ ಬೀಳಲಿಲ್ಲ. ವರ್ಷ ತುಂಬಿದಾಗ ಎರಡು ಗುಂಪುಗಳಲ್ಲಿಯೂ ನೂರಕ್ಕೆ 95 ಮಂದಿ ಗುಣ ಹೊಂದಿದ್ದರು. ಜಾರಿದ ಮೆತ್ತೆಯ ತುಣುಕನ್ನು ದೇಹ ತಾನೇ ಕರಗಿಸಿಕೊಳ್ಳುವುದು ಅಪೂರ್ವವಲ್ಲ. ಹೀಗಿರುವಾಗ ಶಸ್ತ್ರಕ್ರಿಯೆಯನ್ನು ಯಮದೂತನೆಂದು ಬಗೆಯಬೇಕಾಗಿಲ್ಲ. ಮೊದಲ ವಾರದಲ್ಲಿಯೇ ಅದರ ಬಾಗಿಲು ತಟ್ಟಬೇಕಾಗಿಯೂ ಇಲ್ಲ.

ತಡಮಾಡಬಾರದ ಸಂದರ್ಭಗಳು

ಆದರೆ ಕೆಲವು ಲಕ್ಷಣಗಳು ಕಂಡಾಗ ಭಂಗಿ, ವ್ಯಾಯಾಮ, ಎಣ್ಣೆ, ಶಾಖ ಎಲ್ಲವನ್ನೂ ಬದಿಗಿಟ್ಟು ಆಸ್ಪತ್ರೆಗೆ ಧಾವಿಸಬೇಕು. ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು. ಮಲವಿಸರ್ಜನೆಯ ಹಿಡಿತ ತಪ್ಪುವುದು. ತೊಡೆಗಳ ಸಂದಿ ಮತ್ತು ಗುದದ ಸುತ್ತ ಸ್ಪರ್ಶವೇ ತಿಳಿಯದಾಗುವುದು. ಎರಡು ಕಾಲುಗಳೂ ಬಲಗುಂದುವುದು—ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ, ರಾತ್ರಿಯಾಗಿದ್ದರೆ ಅದೇ ರಾತ್ರಿ, ವೈದ್ಯರ ಮುಂದಿರಬೇಕು. ಬೆನ್ನೆಲುಬಿನ ಕೊನೆಯ ನರಗಳ ಗೊಂಚಲೇ ಅದುಮಿಕೊಂಡಿದೆ ಎಂಬುದರ ಸೂಚನೆ ಅದು. ತಡಮಾಡಿದರೆ ಕಳೆದುಕೊಂಡದ್ದು ಮರಳಿ ಬಾರದೆ ಹೋಗಬಹುದು. ನಾಚಿಕೆಯಿಂದ ಇಂಥ ಲಕ್ಷಣಗಳನ್ನು ಮನೆಯವರಿಗೂ ಹೇಳದೆ ಬಚ್ಚಿಡುವವರಿದ್ದಾರೆ. ಆ ನಾಚಿಕೆ ಬಹು ದುಬಾರಿಯಾದುದು.

ಪಾದವನ್ನು ಅಥವಾ ಹೆಬ್ಬೆರಳನ್ನು ಮೇಲೆತ್ತಲಾಗದೆ ನಡೆಯುವಾಗ ಚಪ್ಪಲಿ ನೆಲಕ್ಕೆ ಉಜ್ಜುವುದು, ಬಿದ್ದ ಮೇಲೆ ಬಂದ ನೋವು, ಜ್ವರದೊಡನೆ ಬಂದ ನೋವು, ಕಾರಣವಿಲ್ಲದೆ ಮೈ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಬಂದ ಹೊಸ ಬೆನ್ನುನೋವು—ಇವೂ ಮನೆಮದ್ದಿಗೆ ಬಿಡತಕ್ಕವಲ್ಲ.

ಇಂಥ ಲಕ್ಷಣಗಳಿಲ್ಲದವರಿಗೆ ಭಯಕ್ಕಿಂತ ಧೈರ್ಯಕ್ಕೆ ಕಾರಣಗಳು ಹೆಚ್ಚು. ನಲ್ಲಿಯ ಮುಂದೆ ಬಗ್ಗಿ ನಿಂತುಬಿಟ್ಟ ಯಜಮಾನರು ತಿಂಗಳ ಕೊನೆಗೆ ಹಲಗೆಯ ಮೇಲಿರಬೇಕಾಗಿಲ್ಲ. ಟವೆಲಿನ ಸುರುಳಿಯೊಂದನ್ನು ಕೈಚೀಲದಲ್ಲಿಟ್ಟುಕೊಂಡು ಕಛೇರಿಯಲ್ಲಿಯೇ ಇರಬಹುದು. ಮನೆಯವರೂ ಅವರನ್ನು ಮಾತನಾಡಿಸುವ ರೀತಿಯನ್ನು ಕೊಂಚ ಬದಲಿಸಬೇಕು. “ನೋವು ಎಷ್ಟಿದೆ?” ಎಂದು ದಿನವೂ ಕೇಳಿದರೆ ನೋವೇ ಮನೆಯ ಯಜಮಾನನಾಗುತ್ತದೆ. “ಇಂದು ನೋವು ಎಲ್ಲಿಯವರೆಗಿದೆ?” ಎಂದು ಕೇಳಲಿ. ನಿನ್ನೆ ಪಾದದಲ್ಲಿದ್ದದ್ದು ಇಂದು ಮೊಣಕಾಲಿನಲ್ಲಿ ನಿಂತಿದ್ದರೆ, ಅದು ಬಂದ ದಾರಿಯಲ್ಲಿಯೇ ಹಿಂದಿರುಗಲು ಹೊರಟಿದೆ ಎಂದು ತಿಳಿಯಬಹುದು.